ಕಿಲ್ಟಿನ ಸಾಮಾನು

ಘಾಲಾ, ಮಸ್ಕತ್
5 ಸೆಪ್ಟೆಂಬರ್ 2003, ಶುಕ್ರವಾರ

ಸ್ವರ್ಣಾ,

ಮೊನ್ನೆ ಫೋನಿನಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲವೆಂದು ನಿನಗೆ ಬೇಸರವಾಗಿರಬಹುದು. ನೀನು ಫೋನು ತೆಗೆದುಕೊಳ್ಳುವುದು ಜಿನಸಿನ ಅಂಗಡಿಯಲ್ಲಿ ನಿಂತು. ಅಲ್ಲಿ ಅಕ್ಕಿ ಕಟ್ಟುವವನಿಂದ ಹಿಡಿದು ಮೀನಿನ ಬುಟ್ಟಿ ಇಳಿಸಿದವಳವರೆಗೆ ಎಲ್ಲರ ಕಿವಿಯೂ ನಿನ್ನ ಕಡೆಗೇ. ಇಲ್ಲಿ ಬೂತಿನಲ್ಲಿ ನನ್ನ ಹಿಂದೆ ಫೋನ್ ಕಾರ್ಡು ಹಿಡಿದು ನಿಂತವರು ಬೆನ್ನಿಗೆ ತಿವಿಯುತ್ತಾರೆ. ಹಾಗಾಗಿ ಕಾಗದ.

ವಿಷಯ ಏನೆಂದರೆ, ನಾನು ಕಾವಲು ಕಾಯುವ ಖುರುಮಿನ ಆಫೀಸಿನಲ್ಲಿ ಗೋರ್ಡನ್ ಎಂಬ ಸ್ಕಾಟ್ಲೆಂಡಿನ ಇಂಜಿನಿಯರ್ ಇದ್ದಾನೆ. ಪಲ್ಟಣದಿಂದ ತಂದ ಅಭ್ಯಾಸದ ಕೊಳವೆಯನ್ನು ನಾನು ಊಟದ ಬಿಡುವಿನಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಊದುವುದುಂಟು. ಅವನು ಕೇಳಿ ಕೆಳಗೆ ಬಂದ. ನಾನು ಮಿಲಿಟರಿ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದುತ್ತಿದ್ದವನೆಂದು ಗೊತ್ತಾದಾಗ ಕೈ ಕುಲುಕಿದ. ಏಳು ವರ್ಷದಿಂದ ಈ ಗೇಟಿನಲ್ಲಿದ್ದೇನೆ, ಕೈ ಕುಲುಕಿದವನು ಇವನೊಬ್ಬನೇ. ಇಲ್ಲಿ ಸ್ಕಾಟ್ಲೆಂಡಿನವರದೊಂದು ಕ್ಲಬ್ಬಿದೆ. ನವೆಂಬರ್ ಕೊನೆಗೆ ಖುರುಮಿನ ಒಂದು ದೊಡ್ಡ ಹೋಟೆಲಿನಲ್ಲಿ ಅವರ ವಾರ್ಷಿಕ ಔತಣ. ಊದುತ್ತಿದ್ದವನು ಊರಿಗೆ ಹೋದನಂತೆ. ಅವನು ಬಿಟ್ಟುಹೋದ ಪೈಪನ್ನು ಗೋರ್ಡನ್ ನನ್ನ ಕೈಗೆ ಕೊಟ್ಟು ನೀನು ಊದು ಎಂದಿದ್ದಾನೆ.

ಅದಲ್ಲ ಮುಖ್ಯ. ಆ ಹೋಟೆಲಿನವರು ದಿನಾ ಸಂಜೆ ಅಂಗಳದಲ್ಲಿ ಊದಲು ಒಬ್ಬನನ್ನು ಇಟ್ಟುಕೊಳ್ಳುವ ಯೋಚನೆಯಲ್ಲಿದ್ದಾರಂತೆ. ಅಲ್ಲಿ ವಾದ್ಯದವರಿಗೆ ಕುಟುಂಬದ ಕ್ವಾರ್ಟರ್ಸ್ ಇದೆ, ಹೆಂಡತಿಯನ್ನು ಕರೆಸಿಕೊಳ್ಳಬಹುದು. ಕಾವಲುಗಾರನಿಗೆ ಆ ಭಾಗ್ಯ ಇಲ್ಲವೆಂದು ನಿನಗೆ ಗೊತ್ತು.

ನನಗೆ ಇದರಲ್ಲಿ ಭರವಸೆ ಇಲ್ಲ, ಬರೆದು ಇಟ್ಟುಕೋ. ಆಗದಿದ್ದರೆ ಏಪ್ರಿಲಿನಲ್ಲಿ ಕಾಂಟ್ರಾಕ್ಟ್ ಮುಗಿದ ಕೂಡಲೇ ಊರಿಗೆ ಬಂದುಬಿಡುತ್ತೇನೆ. ನನ್ನ ಪೆನ್ಶನ್ ಮತ್ತು ನಿನ್ನ ಶಾಲೆಯ ಸಂಬಳ ಸೇರಿದರೆ ಗಂಜಿ ಚಟ್ನಿಗೆ ತೊಂದರೆಯಿಲ್ಲ. ಅಕ್ಷಿತಾಳ ಮದುವೆಯೂ ಆಯಿತು.

ಈಗ ತಾಪತ್ರಯ ಬಟ್ಟೆಯದ್ದು. ಪಲ್ಟಣದಲ್ಲಿ ನಾವು ಪ್ಯಾಂಟೇ ಹಾಕುತ್ತಿದ್ದದ್ದು. ಇವರಿಗೆ ಕಿಲ್ಟ್ ಬೇಕು, ಅಂದರೆ ಮಂಡಿಯವರೆಗಿನ ನೆರಿಗೆಯ ಚೌಕುಳಿ ಲಂಗ. ಅದನ್ನು ಕ್ಲಬ್ಬಿನವರು ಕೊಟ್ಟಿದ್ದಾರೆ. ಆದರೆ ಅದರ ಜೊತೆಗಿನ ಸಾಮಾನು ನಾನೇ ಹೊಂದಿಸಬೇಕು. ಮುಂದುಗಡೆ ಸೊಂಟದಿಂದ ಜೋಲುವ, ಬಿಳಿ ಕೂದಲಿನ ಒಂದು ಚೀಲ, ಅದಕ್ಕೆ ಸ್ಪೋರನ್ ಎನ್ನುತ್ತಾರೆ. ದೊಡ್ಡ ಸೇಫ್ಟಿ ಪಿನ್ನಿನಂಥ ಒಂದು ಪಿನ್ನು. ಬೆಲ್ಟು. ಮಂಡಿಯವರೆಗಿನ ಕಾಲುಚೀಲ, ಅದಕ್ಕೆ ಕೆಂಪು ಪಟ್ಟಿ, ಅದರೊಳಗೆ ಸಿಕ್ಕಿಸುವ ಗೇಣುದ್ದದ ಚೂರಿ. ಗೋರ್ಡನ್ ಒಂದು ಬಣ್ಣದ ಪುಸ್ತಕ ತೋರಿಸಿದ. ಬೆಲೆ ನೋಡಿ ಮಡಚಿ ವಾಪಸು ಕೊಟ್ಟೆ.

ಕೊಗ್ಗ ಭಾವ ಯಕ್ಷಗಾನ ಮೇಳದ ವೇಷಭೂಷಣ ಮಾಡುವವರು, ಮಳೆಗಾಲದಲ್ಲಿ ಅವರಿಗೆ ಸ್ವಲ್ಪ ಬಿಡುವಿರುತ್ತದೆ. ಕೇಳಿ ನೋಡು. ಪುಸ್ತಕದ ಒಂದು ಪುಟ ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ನಗಬೇಡ.

ಕೊರಗಪ್ಪ


ಪುತ್ತೂರು
21 ಸೆಪ್ಟೆಂಬರ್ 2003

ಅಕ್ಷಿತಾಳ ಅಪ್ಪನಿಗೆ,

ನಗಬೇಡ ಎಂದು ಬರೆದಿರಿ, ಅದು ಕೊನೆಯ ಸಾಲಿನಲ್ಲಿತ್ತು. ಅಷ್ಟರೊಳಗೆ ನಾನು ನಕ್ಕು ಮುಗಿದಿತ್ತು.

ಜೆರಾಕ್ಸ್ ಹಿಡಿದು ಕೊಗ್ಗ ಅಣ್ಣನ ಮನೆಗೆ ಹೋದೆ. ಕನ್ನಡಕ ಹಾಕಿ ಎಷ್ಟೋ ಹೊತ್ತು ನೋಡಿದರು. ಆಮೇಲೆ, "ಎಂತ ಮಾರಾಯ್ತಿ, ಕೊರಗಪ್ಪನಿಗೆ ಈ ಪ್ರಾಯದಲ್ಲಿ ಸ್ತ್ರೀವೇಷ ಮಾಡುವ ಆಸೆ ಎಲ್ಲಿಂದ ಬಂತು? ಅದೂ ಮೀಸೆ ತೆಗೆಯದೆ?" ಎಂದರು. ಇದು ಆ ಊರಿನ ಗಂಡಸರ ಉಡುಪು ಎಂದು ಹೇಳಿದೆ. "ಹಾಗಾದರೆ ಇದು ಕಿರಾತನ ವೇಷಕ್ಕೆ ಹತ್ತಿರ ಉಂಟು" ಎಂದು ತೀರ್ಮಾನ ಮಾಡಿದ ಮೇಲೆ ಅವರಿಗೆ ಕೆಲಸ ಸುಲಭವಾಯಿತು. ಚೀಲಕ್ಕೆ ಬಿಳಿ ಕೂದಲು ಬೇಕಲ್ಲ, ಮೇಳದ ಹಳೆಯ ಋಷಿವೇಷದ ಗಡ್ಡ ಇದೆಯಂತೆ. ತೊಳೆದು ಬಾಚಿದರೆ ಯಾರಿಗೂ ಗೊತ್ತಾಗುವುದಿಲ್ಲವಂತೆ. ಬೆಲ್ಟಿಗೆ ನಿಮ್ಮ ಪಲ್ಟಣದ ಟ್ರಂಕು ತೆಗೆದೆ. ಹಿತ್ತಾಳೆಯ ಬಕಲಿನದ್ದು ಸಿಕ್ಕಿತು, ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ.

ಗಂಜಿ ಚಟ್ನಿಯ ಮಾತು ನನಗೆ ಬೇಡ. ನೀವು ಪಲ್ಟಣದಿಂದ ಬಂದು ಮನೆಯಲ್ಲಿ ಕೂತ ವರ್ಷ ನನಗಿನ್ನೂ ನೆನಪಿದೆ. ಅಡುಗೆ ಮನೆಯ ಪಾತ್ರೆಗಳನ್ನು ಎತ್ತರದ ಪ್ರಕಾರ ಸಾಲು ನಿಲ್ಲಿಸಿದಿರಿ. ನೆರೆಮನೆಯ ಕೋಳಿಗಳಿಗೆ ಗದರಿದಿರಿ. ಆಮೇಲೆ ಮಾತೇ ಬಿಟ್ಟಿರಿ. ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಬಸ್ಸು ಹತ್ತದೆ ಕೂತಿರುತ್ತಿದ್ದಿರಿ, ಶಾಲೆಯ ಮಕ್ಕಳು ಯಾಕೆಂದು ನನ್ನನ್ನು ಕೇಳುತ್ತಿದ್ದರು. ಕೆಲಸವಿಲ್ಲದ ನಿಮ್ಮ ಜೊತೆ ಇರುವುದೂ ಒಬ್ಬಳೇ ಇರುವುದೂ ನನಗೆ ಒಂದೇ ಆಗಿತ್ತು. ನೀವು ಊದುತ್ತಿರಬೇಕು, ನಾನು ಅಲ್ಲಿರಬೇಕು. ನಮ್ಮ ಮದುವೆಯಾಗಿ ಇಪ್ಪತ್ತಮೂರು ವರ್ಷ, ರಜೆಯ ಗಂಡನೇ ಹೊರತು ಮನೆಯ ಗಂಡನನ್ನು ನಾನು ಕಂಡದ್ದು ಕಡಿಮೆ. ಈ ಸಲ ಆಗುತ್ತದೆ, ನೋಡಿ.

ಸ್ವರ್ಣಲತಾ


ಘಾಲಾ, ಮಸ್ಕತ್
3 ಅಕ್ಟೋಬರ್ 2003

ಸ್ವರ್ಣಾ,

ಋಷಿಯ ಗಡ್ಡ ಆಗಬಹುದು. ಭಾವನಿಗೆ ಒಂದೇ ಮಾತು ಹೇಳು, ಎಲ್ಲವೂ ಸಾದಾ ಇರಬೇಕು. ಬೇಗಡೆ ಬೇಡ, ಕನ್ನಡಿ ಬೇಡ. ಸಾಹೇಬರದ್ದು ಹತ್ತಿರದಿಂದ ನೋಡುವ ವೇಷ.

ಕಾಲುಚೀಲ ರುವಿಯ ಅಂಗಡಿಯಲ್ಲಿ ಸಿಕ್ಕಿತು, ಫುಟ್‌ಬಾಲ್ ಆಡುವವರದ್ದು. ಮೇಲಿನ ನೀಲಿ ಗೆರೆಯನ್ನು ಒಳಗೆ ಮಡಚಿದರೆ ಪೂರ್ತಿ ಬಿಳಿ. ಕಿಲ್ಟ್ ಹಿಂದಿನವನ ಹೊಟ್ಟೆಯ ಅಳತೆಯದ್ದು. ನಾವು ಕೆಲಸಗಾರರಿರುವ ಕ್ಯಾಂಪಿನ ಪಕ್ಕದ ಪಾಕಿಸ್ತಾನಿ ದರ್ಜಿ ಪಟ್ಟಿ ಬದಲಿಸಿ ಕೊಟ್ಟ. "ಭಾಯಿ, ಇದು ಭಾಬಿಯದ್ದಾ?" ಎಂದು ಕೇಳಿದ. ಹೌದು ಎಂದೆ. ವಿವರಿಸುವ ತಾಳ್ಮೆ ಇರಲಿಲ್ಲ. ಬೆಲ್ಟಿಗೆಂದು ಮತ್ರಾದ ಹಳೆ ಪೇಟೆ ಸೂಕಿಗೂ ಒಮ್ಮೆ ಹೋಗಿದ್ದೆ. ಇಲ್ಲಿನವರು ಖಂಜರ್ ಎಂಬ ಬಾಗಿದ ಬಾಕು ಸಿಕ್ಕಿಸುವ ಬೆಳ್ಳಿ ಎಳೆಯ ಬೆಲ್ಟು ಚಂದ ಉಂಟು, ಮುಟ್ಟಿ ನೋಡಿ ಬಂದೆ. ನಿನ್ನ ಹುಣಸೆಹಣ್ಣಿನ ಬಕಲೇ ಸಾಕು.

ಶುಕ್ರವಾರ ಕ್ಯಾಂಪಿನ ಹಿಂದೆ ವಾದಿ ಎನ್ನುವ ಒಣ ಹೊಳೆಯ ಪಾತ್ರಕ್ಕೆ ಹೋಗಿ ಊದುತ್ತೇನೆ. ಅಲ್ಲಿ ಆಡುಗಳು ಬಿಟ್ಟರೆ ಯಾರೂ ಇಲ್ಲ. ಉಸಿರು ಮೊದಲಿನಂತಿಲ್ಲ, ಆದರೆ ಬೆರಳು ಮರೆತಿಲ್ಲ. ಒಂದು ದಿನ ಮೂರು ರಾಗ ನಿಲ್ಲಿಸದೆ ಊದಿ ಮುಗಿಸಿ, ಕಲ್ಲಿನ ಮೇಲೆ ಕೂತು ಸುಮ್ಮನೆ ಅತ್ತೆ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಆದರೂ ಹೇಳುತ್ತೇನೆ, ಆಸೆ ಕಟ್ಟಿಕೊಳ್ಳಬೇಡ. ಹೋಟೆಲಿನ ಮಾತು ಗೋರ್ಡನ್ ಹೇಳಿದ್ದು, ಹೋಟೆಲಿನವರು ಹೇಳಿದ್ದಲ್ಲ. ಶಾಲೆಯಲ್ಲಿ ಯಾರಿಗೂ ಬಾಯಿ ಬಿಡಬೇಡ. ಎಡ್ಮಂಡ್ ರಜೆಯಲ್ಲಿ ಮಂಗಳೂರಿಗೆ ಬಂದಿದ್ದಾನೆ, ನನ್ನ ರೂಮಿನವನೇ. ಅವನ ಕೈಯಲ್ಲಿ ಸಾಮಾನು ಕಳಿಸು. ಚೂರಿ ಮರದ್ದೇ ಇರಲಿ.

ಕೊರಗಪ್ಪ


ಪುತ್ತೂರು
26 ಅಕ್ಟೋಬರ್ 2003

ಅಕ್ಷಿತಾಳ ಅಪ್ಪನಿಗೆ,

ಎಡ್ಮಂಡರಿಗೆ ಕಟ್ಟು ಕೊಟ್ಟಿದ್ದೇನೆ, ಜೊತೆಗೆ ಈ ಕಾಗದ. ತೆರೆಯುವ ಮೊದಲು ಇದನ್ನು ಓದಿ, ಇಲ್ಲದಿದ್ದರೆ ನಿಮಗೆ ಸಿಟ್ಟು ಬರುತ್ತದೆ.

ಎಲ್ಲವೂ ಎರಡೆರಡು ಇದೆ. ಒಂದೊಂದೇ ಸಾಕು ಎಂದು ಎಷ್ಟು ಹೇಳಿದರೂ ಅಣ್ಣ ಕೇಳಲಿಲ್ಲ. ಅವರು ಜೀವಮಾನವಿಡೀ ಭುಜಕೀರ್ತಿ, ತೋಳುಕಟ್ಟು, ಕೈಕಟ್ಟು ಮಾಡಿದವರು, ಎಡಕ್ಕೊಂದು ಬಲಕ್ಕೊಂದು. ಒಂಟಿ ಸಾಮಾನು ಮಾಡಿ ಅವರ ಕೈಗೆ ರೂಢಿಯಿಲ್ಲ. ಹಾಗಾಗಿ ಪಿನ್ನು ಎರಡು, ಚೂರಿ ಎರಡು. ಗಡ್ಡದ ಚೀಲವಾದರೂ ಒಂದೇ ಅಲ್ಲವಾ ಎಂದರೆ, "ವೇಷದವ ಬೆವರುತ್ತಾನೆ. ಒಂದು ಒದ್ದೆಯಾದರೆ ಇನ್ನೊಂದು ಬೇಡವಾ? ಪೆಟ್ಟಿಗೆಯಲ್ಲಿ ಯಾವತ್ತೂ ಎರಡು ಇರಬೇಕು" ಎಂದರು. ಹಾಗೆ ಎರಡು ಋಷಿಗಳು ಗಡ್ಡ ಕಳೆದುಕೊಂಡರು. ನಿಮ್ಮ ಬೆಲ್ಟಿನ ಅಚ್ಚು ನೋಡಿ ಇನ್ನೊಂದು ಬೆಲ್ಟೂ ಮಾಡಿದ್ದಾರೆ.

ಸಾದಾ ಇರಬೇಕೆಂಬುದನ್ನೂ ಹೇಳಿದೆ. ಅವರು ಕೇಳಿದಂತೆ ಕಂಡರು. ಆಮೇಲೆ ನೋಡಿದರೆ ಚೀಲದ ಅಂಚಿಗೆ ಕನ್ನಡಿ ಚೂರು. "ಕೊನೆಯ ಸಾಲಿನಲ್ಲಿ ಕೂತವನಿಗೆ ಕಾಣದಿದ್ದರೆ ಅದು ಎಂತ ವೇಷ?" ಎನ್ನುತ್ತಾರೆ. ಕೀಳಲು ಹೊರಟೆ, ಅವರ ಮುಖ ನೋಡಿ ಬಿಟ್ಟೆ. ನೀವೇ ಅಲ್ಲಿ ಕಿತ್ತುಹಾಕಿ. ಕೆಂಪು ಪಟ್ಟಿ ನಾನು ಹೊಲಿದದ್ದು, ಅದರಲ್ಲಿ ಏನೂ ಹೊಳೆಯುವುದಿಲ್ಲ.

ಶಾಲೆಯಲ್ಲಿ ಯಾರಿಗೂ ಹೇಳಿಲ್ಲ. ಅಕ್ಷಿತಾಳಿಗೆ ಮಾತ್ರ ಹೇಳಿದೆ. ಅವಳು ಇಂಟರ್ನೆಟ್ಟಿನಲ್ಲಿ ಖುರುಮಿನ ಕಡಲತೀರದ ಚಿತ್ರ ತೆಗೆಸಿಕೊಟ್ಟಳು. ಕಪಾಟಿನ ಒಳಬದಿಗೆ ಅಂಟಿಸಿದ್ದೇನೆ.

ಸ್ವರ್ಣಲತಾ


ಘಾಲಾ, ಮಸ್ಕತ್
14 ನವೆಂಬರ್ 2003

ಸ್ವರ್ಣಾ,

ಸಾಮಾನು ಬಂತು. ಏರ್‌ಪೋರ್ಟಿನಲ್ಲಿ ಎಡ್ಮಂಡನ ಕಟ್ಟು ಬಿಚ್ಚಿಸಿದರಂತೆ. ಬಿಳಿ ಕೂದಲು ನೋಡಿ ಆಫೀಸರ್ ಇದು ಯಾವ ಪ್ರಾಣಿ ಎಂದು ಕೇಳಿದನಂತೆ. ಇವನಿಗೆ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು "ಗ್ರ್ಯಾಂಡ್‌ಫಾದರ್" ಎಂದು. ಆಮೇಲೆ ಕಟ್ಟು ಕಟ್ಟಿ, "ಖಲಾಸ್, ಹೋಗು" ಎಂದರಂತೆ.

ಕನ್ನಡಿ ಚೂರು ಕೀಳಲು ಮೂರು ಸಂಜೆ ಹೋಯಿತು. ಆದರೆ ಕೆಲಸ ಎಂದರೆ ಕೆಲಸ. ಗೋರ್ಡನ್ ಚೀಲವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ, ಊರಿನಲ್ಲಿ ತನ್ನ ಅಜ್ಜನ ಬಳಿ ಇದ್ದದ್ದೂ ಹೀಗೇ ಇತ್ತು ಎಂದ. ಯಾರು ಮಾಡಿದರು ಎಂದು ಕೇಳಿದ. ನನ್ನ ಹೆಂಡತಿಯ ಅಣ್ಣ ಎಂದೆ. ಹೇಳುವಾಗ ಎದೆ ಸ್ವಲ್ಪ ಉಬ್ಬಿತು, ಭಾವನಿಗೆ ಹೇಳಬೇಡ.

ಎರಡನೆಯ ಜೊತೆ ಯಾಕೆ ಸುಮ್ಮನೆ ಇಡಬೇಕು ಎಂದು ಅವನೇ ಕೇಳಿದ. ಔತಣದ ದಿನ ಹಾಲಿನ ಬಾಗಿಲಲ್ಲಿ ಹೋಟೆಲಿನ ಒಬ್ಬ ಹುಡುಗನನ್ನು ಅದೇ ವೇಷದಲ್ಲಿ ನಿಲ್ಲಿಸೋಣ, ಚಂದ ಕಾಣುತ್ತದೆ ಎಂದ. ಕೊಟ್ಟೆ. ಕಿಲ್ಟ್ ಕ್ಲಬ್ಬಿನಲ್ಲೇ ಇನ್ನೊಂದಿತ್ತು. ಶ್ರವಣ್ ಎಂಬ ಉಡುಪಿಯ ಹುಡುಗ, ಆರಡಿ ಎತ್ತರ, ಮೀಸೆ ಇನ್ನೂ ಸರಿ ಬಂದಿಲ್ಲ. ಪಟ್ಟಿ ಕಟ್ಟುವುದು ಹೇಗೆಂದು ನಾನೇ ಹೇಳಿಕೊಟ್ಟೆ.

ನಿನ್ನ ಕೆಂಪು ಪಟ್ಟಿ ಅಳತೆಗೆ ಸರಿಯಾಗಿದೆ. ನನ್ನ ಕಾಲಿನ ಸುತ್ತಳತೆ ನಿನಗೆ ಹೇಗೆ ಗೊತ್ತಿತ್ತೋ.

ಕಪಾಟಿನ ಚಿತ್ರ ತೆಗೆದುಬಿಡು ಎಂದು ಬರೆಯಲು ಕೂತಿದ್ದೆ. ಇರಲಿ ಬಿಡು. ನಿನ್ನೆ ಬಸ್ಸಿನಲ್ಲಿ ಹೋಗುವಾಗ ಆ ಹೋಟೆಲಿನ ಹಿಂದಿನ ಕ್ವಾರ್ಟರ್ಸ್ ನೋಡಿದೆ. ಬಾಲ್ಕನಿಯಲ್ಲಿ ಯಾರೋ ಹೆಂಗಸು ಬಟ್ಟೆ ಒಣಗಿಸುತ್ತಿದ್ದಳು. ಬಸ್ಸು ತಿರುಗುವವರೆಗೆ ನೋಡಿದೆ.

ಕೊರಗಪ್ಪ


ಪುತ್ತೂರು
4 ಡಿಸೆಂಬರ್ 2003

ಅಕ್ಷಿತಾಳ ಅಪ್ಪನಿಗೆ,

ಸೋಮವಾರ ನಿಮ್ಮ ಫೋನು ಬಂದಾಗಿನಿಂದ ನನಗೆ ನೆಲ ಸಿಗುತ್ತಿಲ್ಲ. ಔತಣದಲ್ಲಿ ಊದಿದ್ದು ಎಲ್ಲರಿಗೂ ತುಂಬಾ ಇಷ್ಟವಾಯಿತು, ಹೋಟೆಲಿನ ಮ್ಯಾನೇಜರ್ ಬುಧವಾರ ಬಂದು ಕಾಣು ಎಂದಿದ್ದಾನೆ ಎಂದಿರಿ. ನೀವು ಇಷ್ಟವಾಯಿತು ಎಂಬ ಮಾತು ಹೇಳುವವರಲ್ಲ. ಅಕ್ಷಿತಾ ಹುಟ್ಟಿದಾಗಲೂ "ಪರವಾಗಿಲ್ಲ, ಚೆನ್ನಾಗಿದೆ" ಎಂದಷ್ಟೇ ಬರೆದಿದ್ದಿರಿ. ಹಾಗಾಗಿ ಇದು ಆದಂತೆಯೇ.

ಅಂಗಡಿಯವರು ನನ್ನ ಮುಖ ನೋಡಿ ಒಂದು ಬೆಲ್ಲದ ಅಚ್ಚು ಕೊಟ್ಟರು. ಏನೆಂದು ಕೇಳಲೂ ಇಲ್ಲ.

ಬರುವಾಗ ಏನು ತರಬೇಕು ಬರೆಯಿರಿ. ಕುಚ್ಚಲಕ್ಕಿ ಅಲ್ಲಿ ಸಿಗುತ್ತದೆಂದು ಎಡ್ಮಂಡ್ ಹೇಳಿದರು. ಕಡೆಯುವ ಕಲ್ಲು ತರಲು ಬಿಡುತ್ತಾರಾ? ಮಿಕ್ಸಿಯಲ್ಲಿ ಮಾಡಿದ ಮೀನಿನ ಮಸಾಲೆ ನನಗೆ ಸೇರುವುದಿಲ್ಲ. ಗಲ್ಫಿಗೆ ಹೋದವಳು ಎಂದು ಮಿಕ್ಸಿಯವಳಾಗಲು ನಾನು ತಯಾರಿಲ್ಲ.

ಶಾಲೆಯ ಸಂಚಾಲಕರು ಸೋಮವಾರ ಮಾತಾಡಲು ಕರೆದಿದ್ದಾರೆ. ಅದರ ವಿಷಯ ಆಮೇಲೆ ಬರೆಯುತ್ತೇನೆ. ನೀವು ಅದಕ್ಕೂ ಒಂದು ಸಂಶಯ ಹುಡುಕುತ್ತೀರಿ.

ನಿನ್ನೆ ಮ್ಯಾನೇಜರನ್ನು ಕಂಡಿರಬೇಕು. ಫೋನು ಬರಲಿಲ್ಲ. ಕೆಲಸದ ಕಾಗದಪತ್ರದ ಓಡಾಟದಲ್ಲಿರುತ್ತೀರಿ ಎಂದುಕೊಂಡಿದ್ದೇನೆ.

ಸ್ವರ್ಣಲತಾ


ಘಾಲಾ, ಮಸ್ಕತ್
5 ಡಿಸೆಂಬರ್ 2003

ಸ್ವರ್ಣಾ,

ಆಗಲಿಲ್ಲ.

ಬುಧವಾರ ಸಂಜೆ ಫೋನಿನ ಬೂತಿನವರೆಗೆ ಹೋದೆ, ಕಾರ್ಡೂ ಕೊಂಡೆ. ಅಂಗಡಿಯಲ್ಲಿ ಎಲ್ಲರ ನಡುವೆ ನೀನು ನಿಂತು ಇದನ್ನು ಕೇಳಿಸಿಕೊಳ್ಳುವುದು ಕಣ್ಣ ಮುಂದೆ ಬಂತು. ವಾಪಸು ಬಂದೆ. ಕಾಗದವಾದರೆ ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಓದಬಹುದು.

ಔತಣ ಚೆನ್ನಾಗಿಯೇ ಆಯಿತು. ಅವರದ್ದೊಂದು ಅಡುಗೆ ಇದೆ, ಕುರಿಯ ಹೊಟ್ಟೆಯ ಚೀಲದೊಳಗೆ ತುಂಬಿ ಬೇಯಿಸಿದ್ದು. ಅದನ್ನು ತಟ್ಟೆಯಲ್ಲಿ ಹೊತ್ತು ತರುವಾಗ ಮುಂದೆ ಊದಿಕೊಂಡು ನಡೆಯಬೇಕು. ನಡೆದೆ. ಒಂದು ಸ್ವರ ತಪ್ಪಲಿಲ್ಲ. ಒಬ್ಬ ಮುದುಕ ಸಾಹೇಬ ಎದ್ದು ನಿಂತು ಕಣ್ಣು ಒರೆಸಿಕೊಂಡ. ಇದೆಲ್ಲ ನಿಜ, ಫೋನಿನಲ್ಲಿ ಹೇಳಿದ್ದು ಸುಳ್ಳಲ್ಲ.

ಬುಧವಾರ ಹೋದಾಗ ಮ್ಯಾನೇಜರ್ ಕೂರಿಸಿ ಕಾಫಿ ಕೊಟ್ಟ. ಮೇಜಿನ ಮೇಲೆ ಫೋಟೋಗಳಿದ್ದವು. ಎಲ್ಲವೂ ಶ್ರವಣನದ್ದು. ಬಂದವರೆಲ್ಲ ಬಾಗಿಲಲ್ಲಿ ಅವನ ಪಕ್ಕ ನಿಂತು ತೆಗೆಸಿಕೊಂಡದ್ದು. ಜನ ನೋಡುವುದು ವೇಷವನ್ನು, ಬ್ಯಾಗ್‌ಪೈಪ್ ಹತ್ತಿರದಿಂದ ಕಿವಿಗೆ ಜೋರಾಗುತ್ತದೆ, ಸಂಜೆಗೆ ಒಂದು ಸಿ.ಡಿ. ಸಾಕು, ಸಣ್ಣಗೆ ಇಡಬಹುದು ಎಂದ. ಬಾಗಿಲಿಗೆ ಇಬ್ಬರು ಬೇಕು, ಸಾಮಾನು ಹೇಗೂ ಎರಡು ಜೊತೆ ಇದೆಯಲ್ಲ, ಶ್ರವಣನ ಜೊತೆ ನೀನು ನಿಲ್ಲುತ್ತೀಯಾ ಎಂದು ಕೇಳಿದ. ಬಾಗಿಲಿನವರಿಗೆ ಕ್ವಾರ್ಟರ್ಸ್ ಇಲ್ಲ. ಈಗಿನಂತೆಯೇ ಕ್ಯಾಂಪು, ಈಗಿನಷ್ಟೇ ಸಂಬಳ. ಎರಡು ವರ್ಷದ ಕಾಂಟ್ರಾಕ್ಟು.

ನಾನು ಪೈಪರ್ ಸಾರ್, ಗೊಂಬೆ ಅಲ್ಲ ಎಂದು ಹೇಳಬೇಕೆಂದಿದ್ದೆ. ಹೇಳಿದ್ದು ಥ್ಯಾಂಕ್ಯೂ ಸಾರ್ ಎಂದು. ಆದರೆ ಒಪ್ಪಲಿಲ್ಲ.

ಭಾವನ ಮೇಲೆ ನನಗೆ ಸಿಟ್ಟಿಲ್ಲ. ಅವರು ಒಂದೇ ಮಾಡಿದ್ದರೂ ಮ್ಯಾನೇಜರನ ತಲೆಗೆ ಇನ್ನೊಂದು ಏನೋ ಬರುತ್ತಿತ್ತು. ಪೈಪನ್ನು ಗೋರ್ಡನನಿಗೆ ವಾಪಸು ಕೊಟ್ಟೆ. ಇಟ್ಟುಕೋ ಎಂದ, ಬೇಡವೆಂದೆ.

ಏಪ್ರಿಲಿಗೆ ಬರುತ್ತೇನೆ. ಈ ಸಲ ಪಾತ್ರೆ ಸಾಲು ನಿಲ್ಲಿಸುವುದಿಲ್ಲ, ಕೋಳಿಗಳ ತಂಟೆಗೂ ಹೋಗುವುದಿಲ್ಲ. ತೋಟದ ಕೆಲಸ ಸಿಕ್ಕರೆ ಮಾಡುತ್ತೇನೆ, ಇಲ್ಲದಿದ್ದರೆ ನೀನು ಶಾಲೆಯಿಂದ ಬರುವಷ್ಟರಲ್ಲಿ ಅನ್ನ ಮಾಡಿಡುತ್ತೇನೆ. ನಿನ್ನ ಸಂಬಳದಲ್ಲಿ ಉಣ್ಣಲು ಮೊದಲು ನಾಚಿಕೆಯಾಗುತ್ತಿತ್ತು. ಈಗ ಅದೂ ಇಲ್ಲ. ನನಗೆ ಮನೆಗೆ ಬರಬೇಕು, ಅಷ್ಟೇ.

ಕೊರಗಪ್ಪ


ಪುತ್ತೂರು
22 ಡಿಸೆಂಬರ್ 2003

ಅಕ್ಷಿತಾಳ ಅಪ್ಪನಿಗೆ,

ನಿಮ್ಮ ಕಾಗದ ಹದಿನೈದನೇ ತಾರೀಕು ಬಂತು. ನೀವು ಹೇಳಿದಂತೆ ಬಾಗಿಲು ಹಾಕಿಕೊಂಡೇ ಓದಿದೆ. ಅಂದಿನಿಂದ ಎಷ್ಟು ಸಲ ಉತ್ತರ ಬರೆಯಲು ಕೂತು ಎದ್ದೆನೋ.

ನಾನು ಎಂಟನೇ ತಾರೀಕು ಶಾಲೆಗೆ ರಾಜೀನಾಮೆ ಕೊಟ್ಟೆ.

ಸಂಚಾಲಕರ ಅಣ್ಣನ ಮಗಳು ಆಶಿತಾ ಕೆಲಸಕ್ಕೆ ಕಾಯುತ್ತಿದ್ದಳು. ಅವರ ಕಿವಿಗೆ ನನ್ನ ವಿಷಯ ಹೇಗೋ ಬಿದ್ದಿತ್ತು, ಅಂಗಡಿಯಿಂದಲೇ ಇರಬೇಕು. "ಟೀಚರೇ, ನೀವು ಹೇಗೂ ಹೋಗುವವರು. ಮಾರ್ಚಿನಲ್ಲಿ ನಡುವೆ ಬಿಟ್ಟರೆ ಮಕ್ಕಳಿಗೆ ಕಷ್ಟ. ಈಗಲೇ ಕೊಟ್ಟರೆ ಮರ್ಯಾದೆಯಲ್ಲಿ ಬೀಳ್ಕೊಡುತ್ತೇವೆ" ಎಂದರು. ನನಗೂ ಕೊಡುವ ಹುರುಪಿತ್ತು, ಸುಳ್ಳು ಯಾಕೆ ಹೇಳಲಿ. ಹತ್ತೊಂಬತ್ತು ವರ್ಷ ಅವರ ಮುಂದೆ ಕೈಕಟ್ಟಿ ನಿಂತವಳು, ಅವತ್ತು ಕುರ್ಚಿಯಲ್ಲಿ ಕೂತು ಬರೆದುಕೊಟ್ಟೆ. ಮಕ್ಕಳು ಹಾಡು ಹೇಳಿದರು. ಒಂದು ಸೂಟ್‌ಕೇಸು ಉಡುಗೊರೆ ಕೊಟ್ಟರು.

ನಿಮ್ಮ ಕಾಗದ ಬಂದ ಮಾರನೇ ದಿನವೇ ಹೋಗಿ ಕೇಳಿದೆ. ಆಶಿತಾ ಅಷ್ಟರಲ್ಲಿ ನನ್ನ ತರಗತಿಯಲ್ಲಿ ನಿಂತಿದ್ದಳು. ಒಳ್ಳೆಯ ಹುಡುಗಿ, ಎದ್ದು ಬಂದು ನನಗೆ ನಮಸ್ಕಾರ ಮಾಡಿದಳು. ಸಂಚಾಲಕರು, "ಎಂತ ಮಾಡುವುದು ಟೀಚರೇ, ಕಮಿಟಿಯಲ್ಲಿ ಪಾಸಾಗಿ ಆಯಿತಲ್ಲ" ಎಂದರು. ಬೇರೆ ಎರಡು ಶಾಲೆಗಳಲ್ಲಿ ಕೇಳಿದೆ. ನನ್ನ ಪ್ರಾಯ ನೋಡಿ ತಲೆ ಅಲ್ಲಾಡಿಸಿದರು.

ಬುಧವಾರ ಸಂಜೆ ನೀವು ಬೂತಿನವರೆಗೆ ಹೋಗಿದ್ದಿರಿ ಎಂದು ಓದಿದೆ. ಅದನ್ನು ನೀವು ಬರೆಯದಿದ್ದರೆ ಚೆನ್ನಾಗಿತ್ತು.

ಅಣ್ಣನಿಗೆ ಏನೂ ಹೇಳಿಲ್ಲ. ಅವರು ಮೇಳದಲ್ಲೆಲ್ಲ ತಮ್ಮ ಸಾಮಾನು ಮಸ್ಕತ್ತಿನ ದೊಡ್ಡ ಹೋಟೆಲಿನಲ್ಲಿ ಇದೆ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಅದೊಂದಾದರೂ ಇರಲಿ.

ಏಪ್ರಿಲಿಗೆ ಬನ್ನಿ ಎಂದೇ ಬರೆಯಬೇಕೆಂದು ಮನಸ್ಸು. ಪೆನ್ಶನ್ ಒಂದರಲ್ಲಿ ತಿಂಗಳು ಅರ್ಧವೂ ದಾಟುವುದಿಲ್ಲವೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ಹೇಳಿದಂತೆ ಮಾಡುತ್ತೇನೆ. ನನಗೆ ಈಗ ಏನೂ ತೋಚುವುದಿಲ್ಲ.

ಸ್ವರ್ಣಲತಾ


ಘಾಲಾ, ಮಸ್ಕತ್
23 ಜನವರಿ 2004

ಸ್ವರ್ಣಾ,

ನಿನ್ನ ಕಾಗದ ಓದಿ ಸಿಟ್ಟು ಬಂತು. ನಿನ್ನ ಮೇಲೆ ಅಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಮೇಲೂ ಬಂತು. ಆಮೇಲೆ ತಾರೀಕುಗಳನ್ನು ನೋಡಿದೆ. ಡಿಸೆಂಬರ್ ಮೂರನೇ ತಾರೀಕು ಆ ಬೂತಿನಲ್ಲಿ ನಾನು ಗುಂಡಿ ಒತ್ತಿದ್ದರೆ ನೀನು ಎಂಟಕ್ಕೆ ಸಂಚಾಲಕರ ಮುಂದೆ ಕೂರುತ್ತಿರಲಿಲ್ಲ. ಅದರ ನಂತರ ಸಿಟ್ಟು ಮಾಡಲು ಬೇರೆ ಯಾರೂ ಉಳಿಯಲಿಲ್ಲ.

ಮ್ಯಾನೇಜರನ ಬಳಿ ಮತ್ತೆ ಹೋದೆ. ಜಾಗ ಇನ್ನೂ ಖಾಲಿ ಇತ್ತು. ನನ್ನ ವೀಸಾದ ಧಣಿ, ಇಲ್ಲಿ ಕಫೀಲ್ ಎನ್ನುತ್ತಾರೆ, ಏಪ್ರಿಲಿನವರೆಗೂ ಕಾಯದೆ ಬಿಡುಗಡೆ ಕಾಗದಕ್ಕೆ ಸಹಿ ಹಾಕಿಬಿಟ್ಟ, ಪ್ರಾಯವಾದವನು ತೊಲಗಿದನೆಂದು ಅವನಿಗೂ ಸಮಾಧಾನ. ಜನವರಿ ಹತ್ತರಿಂದ ಬಾಗಿಲಲ್ಲಿ ನಿಲ್ಲುತ್ತಿದ್ದೇನೆ. 2006ರ ಜನವರಿಯವರೆಗೆ. ನಡುವೆ ಒಂದು ಸಲ ರಜೆ ಕೊಡುತ್ತಾರೆ, ಯಾವಾಗ ಎಂದು ಹೇಳಿಲ್ಲ. ಹಣ ಮೊದಲಿನಂತೆ ತಿಂಗಳ ಮೊದಲ ವಾರ ಬರುತ್ತದೆ. ಬೇರೆ ಶಾಲೆಗಳ ಬಾಗಿಲಿಗೆ ಇನ್ನು ನೀನು ಹೋಗಬೇಡ.

ಕೆಲಸ ಕಷ್ಟವೇನಲ್ಲ. ಬಂದವರಿಗೆ ಬಾಗಿಲು ತೆರೆಯಬೇಕು, ಬಾಗಬೇಕು, ನಗಬೇಕು. ತಲೆಯ ಮೇಲೆಯೇ ಸ್ಪೀಕರ್ ಇದೆ. ಸಿ.ಡಿ.ಯಲ್ಲಿ ಊದುವವನು ಚೆನ್ನಾಗಿಯೇ ಊದುತ್ತಾನೆ. ಮೊದಲ ವಾರ ನನ್ನ ಬೆರಳು ತಾನಾಗಿಯೇ ತೊಡೆಯ ಮೇಲೆ ಆಡುತ್ತಿತ್ತು. ಸೂಪರ್‌ವೈಸರ್ ನೋಡಿ, ಕೈ ಅಲ್ಲಾಡಿಸಬೇಡ ಎಂದ. ಈಗ ಹಿಂದೆ ಕಟ್ಟಿಕೊಳ್ಳುತ್ತೇನೆ.

ಫೋಟೋ ತೆಗೆಸಿಕೊಳ್ಳುವವರು ದಿನಾ ಇರುತ್ತಾರೆ. ಗಂಡ ಕ್ಯಾಮೆರಾ ಹಿಡಿಯುತ್ತಾನೆ, ಹೆಂಡತಿ ಬಂದು ನನ್ನ ಪಕ್ಕ ನಿಲ್ಲುತ್ತಾಳೆ. ಕೆಲವರು ತೋಳು ಹಿಡಿದುಕೊಳ್ಳುತ್ತಾರೆ. ನಿನ್ನೆ ರಶ್ಶು ಕಡಿಮೆಯಾದ ಮೇಲೆ ಲೆಕ್ಕ ಹಾಕಿದೆ, ನೀನೂ ನಾನೂ ಒಟ್ಟಿಗೆ ನಿಂತ ಫೋಟೋ ಮದುವೆಯ ದಿನದ್ದು ಒಂದು, ಅಕ್ಷಿತಾಳ ಮದುವೆಯದ್ದು ಒಂದು. ಎರಡರಲ್ಲೂ ನಡುವೆ ಬೇರೆ ಯಾರೋ ಇದ್ದಾರೆ.

ಕೊರಗಪ್ಪ